ಹಾರುವ ವಿಮಾನಕ್ಕೆ ಮೆಟ್ಟಿಲು

ಗೆಳೆಯರೇ, ನಾನು ತೆಗೆದ ವಿಮಾನದ ಫೋಟೋ ಇವತ್ತು ಪಿರಿಯಾಪಟ್ಟಣ ಬಸ್ ಸ್ಟ್ಯಾಂಡ್ ಎದುರು ಇಪ್ಪತ್ತಡಿ ಅಗಲಕ್ಕೆ ರಾರಾಜಿಸುತ್ತಿದೆ. ಊರಿನ ನಾಯಕರೊಬ್ಬರ ಹುಟ್ಟುಹಬ್ಬದ ಫ್ಲೆಕ್ಸ್‌ನಲ್ಲಿ!

ಸೆಕೆಂಡ್ ಹ್ಯಾಂಡ್ ಲೆನ್ಸ್ ಹಿಡಿದು, ಮೈಸೂರು ಏರ್‌ಪೋರ್ಟ್ ಪಕ್ಕದ ಹೊಲದ ಬದುವಿನ ಮೇಲೆ ಮೂರು ಭಾನುವಾರ ಕಾದು ತೆಗೆದದ್ದು. ಮೇಲೇರಿದ ವಿಮಾನ ಆಗಷ್ಟೇ ಚಕ್ರ ಮಡಚಿಕೊಂಡಿದೆ. ಫ್ಲೆಕ್ಸ್ ಮಾಡಿದ ಮಹಾನುಭಾವರು ಅದಕ್ಕೆ ಮೆಟ್ಟಿಲು ಅಂಟಿಸಿ, ನಾಯಕರು ಕೈಬೀಸುತ್ತಾ ಇಳಿಯುವ ಹಾಗೆ ಮಾಡಿದ್ದಾರೆ. ಮೆಟ್ಟಿಲ ಕೊನೆಯಲ್ಲಿ ನೆಲವಿಲ್ಲ, ಮೋಡವಿದೆ.

ಫ್ಲೆಕ್ಸ್ ಅಂಗಡಿಗೆ ಹೋಗಿ ಕೇಳಿದೆ: "ಫೇಸ್‌ಬುಕ್ಕಿಂದ ನನ್ನ ಫೋಟೋ ಕದ್ದಿದ್ದೀಯಲ್ಲಪ್ಪಾ?"

ಅವನಿಗೇ ನನ್ನ ಮೇಲೆ ಸಿಟ್ಟು. "ಮೂಲೇಲಿ ಅಷ್ಟುದ್ದ ಎಸ್ರು ಬರ್ಕೊಂಡಿದ್ರಲ್ಲ, ಅದುನ್ನ ಅಳ್ಸಾಕೆ ಅರ್ಧ ಗಂಟೆ ಆಯ್ತು ಕಣಣ್ಣ. ಇನ್ಮೇಲೆ ಅಂಗೆಲ್ಲಾ ಬರೀಬ್ಯಾಡಿ."

ನನ್ನ ಮುಖ ನೋಡಿ ಆಮೇಲೆ ಸ್ವಲ್ಪ ಮೆತ್ತಗಾದ. "ಬೇಜಾರ್ ಮಾಡ್ಕೋಬ್ಯಾಡಿ. ಉಣ್ಸೂರ್ಗೂ ಒಂದ್ ಪ್ರಿಂಟ್ ಐತೆ. ಪಾಸ್‌ಪೋರ್ಟ್ ಸೈಜ್ ಫೋಟೋ ಕೊಡಿ, ಕೆಳಗೆ ಹಿತೈಷಿಗಳ ಸಾಲಲ್ಲಿ ನಿಮ್ದೂ ಆಕ್ಬುಡ್ತೀನಿ."

ಕೊಡಲಿಲ್ಲ. ಆ ಸಾಲಿನಲ್ಲಿ ಈಗಾಗಲೇ ನಲವತ್ತು ಮಂದಿ ಹಿತೈಷಿಗಳು ಕೈಮುಗಿದು ನಿಂತಿದ್ದಾರೆ. 'ಸಾರ್, ಹಾರುತ್ತಿರುವ ವಿಮಾನದಿಂದ ಇಳಿಯಬೇಡಿ' ಎಂದು ಅವರಲ್ಲಿ ಒಬ್ಬರೂ ಹೇಳಿಲ್ಲ.