ಹೆಮ್ಮಾಡಿ ಬ್ಯಾಂಡಿನ ಪರವಾಗಿ

ಸಂಗೀತದ ವಿಷಯದಲ್ಲಿ ನನಗೆ ಏನೂ ಗೊತ್ತಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲವಾದರೆ ನಾಲ್ಕು ಸಾಲು ಓದುವಷ್ಟರಲ್ಲಿ ನೀವೇ ಅದನ್ನು ಕಂಡುಹಿಡಿದು ಹೆಮ್ಮೆಪಡುತ್ತೀರಿ. ನನ್ನ ಕಿವಿಗೆ ಷಡ್ಜವೂ ಒಂದೇ, ಬಸ್ಸಿನ ಹಾರ್ನೂ ಒಂದೇ. ಶಾಲೆಯಲ್ಲಿ ಪ್ರಾರ್ಥನೆಗೆ ನಿಂತಾಗ ಮಾಸ್ತರರು ನನ್ನ ಹತ್ತಿರ ಬಂದು, ನೀನು ಬಾಯಿ ಆಡಿಸಿದರೆ ಸಾಕು, ಸ್ವರ ಬೇಡ ಎಂದು ಮೆಲ್ಲಗೆ ಹೇಳಿ ಹೋಗುತ್ತಿದ್ದರು. ಆದರೂ ಒಂದು ಮಾತನ್ನು ಯಾರೆದುರು ಬೇಕಾದರೂ ಹೇಳುತ್ತೇನೆ. ಶಿರೂರಿನಿಂದ ಬ್ರಹ್ಮಾವರದವರೆಗೆ, ಕಡಲಿನಿಂದ ಶಂಕರನಾರಾಯಣದವರೆಗೆ, ಇದುವರೆಗೆ ಹುಟ್ಟಿದ ಬ್ಯಾಂಡುಗಳಲ್ಲೆಲ್ಲ ಶ್ರೇಷ್ಠವಾದದ್ದು ನಮ್ಮ ಹೆಮ್ಮಾಡಿಯ ಬ್ಯಾಂಡು. ಅದು ಬದುಕಿದ್ದು ಒಂದು ಮಳೆಗಾಲ ಮತ್ತು ಅರ್ಧ ಚಳಿಗಾಲ. ಅದಕ್ಕೆ ಬರುತ್ತಿದ್ದದ್ದು ನಾಲ್ಕು ಹಾಡು. ಅದರಲ್ಲಿ ಎರಡು ಒಂದೇ ಹಾಡು, ಒಮ್ಮೆ ನಿಧಾನ, ಇನ್ನೊಮ್ಮೆ ಜೋರು. ಇದರಿಂದ ನನ್ನ ವಾದಕ್ಕೆ ಯಾವ ಕುಂದೂ ಇಲ್ಲ.

ನನ್ನ ತಂಗಿಯ ಗಂಡ ಬ್ರಹ್ಮಾವರದವರು. ಭಾವ ನಮ್ಮ ಮನೆಗೆ ಬಂದರೆ ಕಾಲು ತೊಳೆಯುವ ಮೊದಲೇ ತಮ್ಮೂರಿನ ಬ್ಯಾಂಡಿನ ಮಾತು ತೆಗೆಯುತ್ತಾರೆ. ಅವರ ಬ್ಯಾಂಡಿಗೆ ಹಿತ್ತಾಳೆ ಗುಂಡಿಯ ಕೆಂಪು ಕೋಟಿತ್ತು, ಅಕಾರ್ಡಿಯನ್ ಇತ್ತು, ಕ್ಲಾರಿನೆಟ್ ಇತ್ತು, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗೆ ಕಾಗದ ಇಟ್ಟುಕೊಂಡು ನೋಟ್ಸ್ ನೋಡಿ ಬಾರಿಸುವ ವಿದ್ಯೆ ಇತ್ತು. ಇದೆಲ್ಲ ನಿಜ, ನಾನು ಒಪ್ಪುತ್ತೇನೆ. ಆದರೆ ಕೋಟು ನೋಡಿ ಬ್ಯಾಂಡನ್ನು ಅಳೆಯುವುದಾದರೆ ನಮ್ಮೂರ ಅಂಚೆಯವನೇ ದೊಡ್ಡ ವಿದ್ವಾಂಸ. ಕಾಗದ ನೋಡಿಕೊಂಡು ಮಾಡುವುದೇ ಹೆಚ್ಚುಗಾರಿಕೆಯಾದರೆ ಶಾನುಭೋಗರ ಮುಂದೆ ಯಾವ ಗಾಯಕ ನಿಲ್ಲುತ್ತಾನೆ?

ನಮ್ಮ ಬ್ಯಾಂಡನ್ನು ಹುಟ್ಟಿಸಿದವನು ಶಿವರಾಮ. ಅವನ ಸೋದರಮಾವನಿಗೆ ಬೊಂಬಾಯಿಯಲ್ಲಿ ಹೋಟೆಲಿತ್ತು. ಹದಿನಾರಕ್ಕೆ ಅಲ್ಲಿಗೆ ಹೋದವನು ಗ್ಲಾಸು ತೊಳೆಯುವುದರಿಂದ ಹಿಡಿದು ಗಲ್ಲಾದ ಪಕ್ಕದ ಸ್ಟೂಲಿನವರೆಗೆ ಏರಿದ್ದ. ಅರವತ್ತರ ದಶಕ ಮುಗಿಯುತ್ತಿದ್ದ ಒಂದು ಮಳೆಗಾಲದಲ್ಲಿ ರಜೆಯ ಮೇಲೆ ಊರಿಗೆ ಬಂದ. ಬರುವಾಗ ಚಾಳಿನ ನೆರೆಮನೆಯ ಗೋವೆಯವನಿಂದ ಒಂದು ಗಿಟಾರನ್ನೂ ಅದನ್ನು ನುಡಿಸುವಷ್ಟು ಧೈರ್ಯವನ್ನೂ ತಂದಿದ್ದ. ಬಸ್ಸಿನ ಮೇಲೆ ಹಾಕಲು ಬಿಡದೆ, ಬೆಡ್‌ಶೀಟಿನಲ್ಲಿ ಸುತ್ತಿ, ಬಾಣಂತಿ ಮಗುವನ್ನು ತರುವ ಹಾಗೆ ತೊಡೆಯ ಮೇಲಿಟ್ಟುಕೊಂಡು ತಂದ. ರಾಕ್ ಎಂಬ ಮಾತನ್ನು ನಾವು ಮೊದಲು ಕೇಳಿದ್ದೂ ಅವನ ಬಾಯಲ್ಲಿಯೇ.

“ಇದನ್ನ ರಾಕ್ ಅಂಬ್ರ್. ಇದ್ ಕೂಕಂಡ್ ಕೇಂಬ್ದಲ್ಲ, ನಿಂತ್ಕಂಡ್ ಕೇಂಬ್ದ್” ಎಂದು, ನಿಂತೇ ಕೇಳಬೇಕೆಂಬ ನಿಯಮವನ್ನು ಅವನು ಮೊದಲ ದಿನವೇ ನಮಗೆ ತಿಳಿಸಿ ಹೇಳಿದ.

ತಿಮ್ಮಪ್ಪ ಅವನ ಬಾಲ್ಯದ ಗೆಳೆಯ, ಮೀನುಗಾರರವನು. ಮಳೆಗಾಲದಲ್ಲಿ ಕಡಲಿಗಿಳಿಯುವ ಹಾಗಿಲ್ಲ, ಬಲೆ ನೇಯ್ದು ನೇಯ್ದು ಬೇಸರ ಬಂದಿತ್ತು. ಯಾವುದೋ ಶಾಲೆಯವರು ಬಿಸಾಡಿದ ಡ್ರಮ್ಮೊಂದನ್ನು ಅವನು ಹೊತ್ತು ತಂದ. ಮೌತ್ ಆರ್ಗನ್ ಊದುವವನೊಬ್ಬ ಸಿಕ್ಕಿದ, ತೆಂಗಿನ ಗೆರಟೆಯಲ್ಲಿ ಹೆಸರುಕಾಳು ತುಂಬಿ ಅಲ್ಲಾಡಿಸುವವನೊಬ್ಬ ಸೇರಿಕೊಂಡ. ಹೊಳೆಬದಿಯಲ್ಲಿ ತೆಂಗಿನ ಗರಿಯ ಮಡಲು ಹೊದೆಸಿ ಮಲಗಿಸಿದ್ದ ದೋಣಿಗಳ ನಡುವೆ ಅಭ್ಯಾಸ ಶುರುವಾಯಿತು. ಡ್ರಮ್ಮಿನ ಮೇಲೆ ಹೆಸರು ಬರೆಯಲು ಕರೆಸಿದ ಪೇಂಟರು ಆ ತನಕ ದೋಣಿಗಳಿಗೆ ಮಾತ್ರ ಹೆಸರು ಬರೆದವನು. ಹಾಗಾಗಿ ‘ಹೆಮ್ಮಾಡಿ ರಾಕ್ ಬ್ಯಾಂಡ್’ ಎಂದು ಬರೆದು, ಕೈಯ ಅಭ್ಯಾಸಕ್ಕೆ ಆಚೆ ಒಂದು ಈಚೆ ಒಂದು ಮೀನು ಬರೆದುಬಿಟ್ಟ. ಅಳಿಸುವುದು ಯಾಕೆ, ಚೆನ್ನಾಗಿಯೇ ಇದೆ ಎಂದು ಬಿಟ್ಟೆವು.

ಇನ್ನು ತಂತಿಯ ವಿಷಯ. ಭಾವ ನಗುವುದು ಇಲ್ಲಿಯೇ, ಆದ್ದರಿಂದ ನಾನು ಇದನ್ನು ವಿವರವಾಗಿಯೇ ಹೇಳುತ್ತೇನೆ. ನಮ್ಮ ಉಪ್ಪುಗಾಳಿಗೆ ಬಾವಿಯ ರಾಟೆ ತುಕ್ಕು ಹಿಡಿಯುತ್ತದೆ, ಬೀಗ ತುಕ್ಕು ಹಿಡಿಯುತ್ತದೆ, ಬೊಂಬಾಯಿಯ ಸ್ಟೀಲ್ ತಂತಿ ಯಾವ ಲೆಕ್ಕ? ಆಷಾಢ ಮುಗಿಯುವಷ್ಟರಲ್ಲಿ ಒಂದೊಂದಾಗಿ ಪಟಪಟ ಎಂದು ಹರಿದವು. ಶಿವರಾಮ ತಲೆಯ ಮೇಲೆ ಕೈ ಹೊತ್ತು ಕೂತ. ತಿಮ್ಮಪ್ಪ ಗಿಟಾರನ್ನು ತಿರುಗಿಸಿ ಮುರುಗಿಸಿ ನೋಡಿದ.

“ತಂತಿ ಅಂದ್ರೆ ಎಂತ, ನೂಲೇ ಅಲ್ದಾ? ನಮ್ಮತ್ರ ಇತ್ತ್ ಮಾರಾಯ” ಎಂದ.

ಆಗಷ್ಟೇ ನಮ್ಮ ಕಡೆಗೆ ನೈಲಾನ್ ಬಂದಿತ್ತು. ತಿಮ್ಮಪ್ಪ ಗಾಳದ ನೂಲಿನಲ್ಲಿ ಬೇರೆ ಬೇರೆ ದಪ್ಪದ ಆರನ್ನು ಆರಿಸಿದ. ಎಲ್ಲಕ್ಕಿಂತ ದಪ್ಪದ್ದು ತಾಟೆಯಂಥ ದೊಡ್ಡ ಮೀನು ಹಿಡಿಯುವ ನೂಲು, ನಡುವಿನದು ಅಂಜಲಿನದು, ಎಲ್ಲಕ್ಕಿಂತ ಸಪೂರದ್ದು ಹೊಳೆಮೀನಿನದು. ಹೊಸ ನೂಲು ಎಳೆದಷ್ಟೂ ಬರುತ್ತದೆ ಎಂಬುದು ಮೀನುಗಾರನಿಗೆ ಗೊತ್ತು. ಅದಕ್ಕಾಗಿ ಒಂದೊಂದು ನೂಲಿಗೂ ಕಲ್ಲು ಕಟ್ಟಿ ಮೂರು ದಿನ ಹಲಸಿನ ಕೊಂಬೆಗೆ ತೂಗುಹಾಕಿದ. ಜಗತ್ತಿನಲ್ಲಿ ಎಷ್ಟೋ ಗಿಟಾರುಗಳಿದ್ದಾವು, ಹಲಸಿನ ಮರದಲ್ಲಿ ತಪಸ್ಸು ಮಾಡಿದ ತಂತಿ ಯಾವುದಕ್ಕಿದೆ? ಆ ಮೇಲೆ ಶಿವರಾಮ ತಂತಿಗಳಿಗೆ ನಂಬರು ಹೇಳುವುದನ್ನೇ ಬಿಟ್ಟ. “ಅಂಜಲ್ ಒಂಚೂರ್ ಸಡ್ಲ ಆಯ್ತ್, ಬಿಗಿ ಮಾಡ್” ಎನ್ನುತ್ತಿದ್ದ.

ಶ್ರುತಿ ಮಾಡಿದ್ದು ಭಜನಾ ಮಂದಿರದ ಹಾರ್ಮೋನಿಯಮ್ಮಿಗೆ. ಅದರ ಒಳಗೆ ಒಂದು ಮಳೆಗಾಲ ಇಲಿ ಸಂಸಾರ ಹೂಡಿತ್ತು. ಅಲ್ಲಿಂದ ಅದರ ಸ್ವರಗಳು ಒಂದು ಬದಿಗೆ ವಾಲಿದ್ದವಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ಇದು ಬ್ರಹ್ಮಾವರದವರು ಹೇಳುವ ಮಾತು. ನಮ್ಮ ಗಿಟಾರೂ ಮೌತ್ ಆರ್ಗನ್ನೂ ಹೇಗೋ ಅದಕ್ಕೇ ಹೊಂದಿಕೊಂಡವು. ಈಗ ಶಾಸ್ತ್ರ ಬಲ್ಲವರನ್ನು ಒಂದು ಪ್ರಶ್ನೆ ಕೇಳುತ್ತೇನೆ. ಶ್ರುತಿ ಎಂದರೆ ಒಬ್ಬರೊಡನೊಬ್ಬರು ಕೂಡಿರುವುದು ತಾನೆ? ನಾಲ್ಕು ಜನ ಒಟ್ಟಿಗೆ, ಒಂದೇ ಕಡೆಗೆ, ಒಂದೇ ಅಳತೆಯಲ್ಲಿ ತಪ್ಪಿದರೆ ಅದನ್ನು ತಪ್ಪು ಎನ್ನಲು ಐದನೆಯವನು ಪಕ್ಕದಲ್ಲಿ ಬಂದು ಬಾರಿಸಬೇಕು. ಐದನೆಯವನನ್ನು ಕರೆದವರು ಯಾರು?

ಚೌತಿಯ ದಿನ ಭಜನೆ ಮುಗಿದ ಮೇಲೆ ಬ್ಯಾಂಡು ಮೊದಲ ಬಾರಿಗೆ ಜನರೆದುರು ನುಡಿಸಿತು. ನಾಲ್ಕೂ ಹಾಡು ಆಯಿತು, ಜನ ಏಳಲಿಲ್ಲ, ನಾಲ್ಕನ್ನೂ ಮತ್ತೊಮ್ಮೆ ನುಡಿಸಿದರು. ತಿಮ್ಮಪ್ಪನ ತಾಯಿ ಮಾತ್ರ ಕಂಬ ಹಿಡಿದುಕೊಂಡು ಮೊದಲಿಂದ ಕೊನೆಯವರೆಗೆ ನಿಂತೇ ಇದ್ದಳು. ಮಂಡಿನೋವಿನ ಹೆಂಗಸು. ಕೂತುಕೊಳ್ಳಿ ಎಂದರೆ, “ಇದ್ ನಿಂತ್ಕಂಡ್ ಕೇಂಬ್ದ್ ಅಂಬ್ರಲೆ” ಎಂದಳು. ಬ್ರಹ್ಮಾವರದ ಬ್ಯಾಂಡಿಗಾಗಿ ಮಂಡಿನೋವಿನವರು ಯಾರಾದರೂ ನಿಂತದ್ದುಂಟೇ? ಭಾವನನ್ನು ನಾನು ಈ ಪ್ರಶ್ನೆ ಕೇಳಿದಾಗಲೆಲ್ಲ ಅವರು ಎಲೆಅಡಿಕೆ ತಟ್ಟೆ ಹುಡುಕುತ್ತಾರೆ.

ಅಲ್ಲಿಂದ ಮುಂದೆ ಊರಿನ ಸೆಲೂನಿನಲ್ಲಿ ಭಾನುವಾರದ ಚರ್ಚೆ ಇದೊಂದೇ, ಹೆಮ್ಮಾಡಿಯೋ ಬ್ರಹ್ಮಾವರವೋ. ನಾನು ಹೆಮ್ಮಾಡಿಯ ವಕೀಲ. ಮುಖದ ಅರ್ಧಕ್ಕೆ ಸಾಬೂನು ಹಚ್ಚಿಸಿಕೊಂಡು ಎದ್ದು ನಿಂತು ವಾದಿಸಿದ್ದೇನೆ. ಕ್ಷೌರಿಕ ಕತ್ತಿ ಹಿಡಿದು ನನ್ನ ಮಾತು ಮುಗಿಯಲೆಂದು ಕಾದಿದ್ದಾನೆ. ಇಷ್ಟು ಗಟ್ಟಿ ಗಂಟಲು ನಮ್ಮ ಬ್ಯಾಂಡಿನಲ್ಲಿಯೂ ಇರಲಿಲ್ಲ.

ದೀಪಾವಳಿ ಕಳೆದ ಮೇಲೆ ಬೊಂಬಾಯಿಯಿಂದ ಕಾಗದ ಬಂತು. ಸಂಕ್ರಾಂತಿಯ ಒಳಗೆ ಬಾ, ಇಲ್ಲದಿದ್ದರೆ ಸ್ಟೂಲಿನ ಮೇಲೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಹೋಟೆಲಿನ ಮಾವ ಬರೆದಿದ್ದರು. ಶಿವರಾಮನಿಗೆ ಹೋಗುವ ಮನಸ್ಸು ಸುತರಾಂ ಇರಲಿಲ್ಲ. ಮದುವೆಗಳಿಗೆ ಬ್ಯಾಂಡು ನುಡಿಸಿಕೊಂಡು ಊರಿನಲ್ಲಿಯೇ ಇರಬೇಕೆಂಬುದು ಅವನ ಆಸೆ. ಆದರೆ ಮೊದಲ ಮದುವೆಗೆ ಕರೆಯುವವರು ಬೇಕಲ್ಲ. ಅದೇ ಹೊತ್ತಿಗೆ ಬ್ರಹ್ಮಾವರದ ಈ ಭಾವನೊಡನೆ ನನ್ನ ತಂಗಿಯ ಮದುವೆ ನಿಶ್ಚಯವಾಯಿತು. ನಮ್ಮ ಮನೆಯಲ್ಲಿ ಏನು ಮಾಡಿದರೂ ಮರುವರ್ಷ ಅದನ್ನು ಹತ್ತು ಮನೆಯವರು ಮಾಡುತ್ತಿದ್ದ ಕಾಲ ಅದು.

ಶಿವರಾಮ ನನ್ನನ್ನು ದೋಣಿಗಳ ಹತ್ತಿರ ಕರೆದುಕೊಂಡು ಹೋಗಿ ಹೇಳಿದ. “ನಿಮ್ಮನಿ ಮದಿ ಒಂದ್ ಸಿಕ್ರೆ ಸಾಕ್. ಮತ್ತೆ ನಾ ಬೊಂಬಾಯ್ಗೆ ಹೋತಿಲ್ಲೆ. ನಿನ್ ದೊಡ್ಡಮಾವನತ್ರ ಒಂದ್ ಮಾತ್ ಹೇಳ್.”

“ಅದೆಂತ ಹೇಳುದ್, ಆಯ್ತ್ ಅಂದೇ ತಿಳ್ಕೊ” ಎಂದೆ ನಾನು.

ನಮ್ಮ ಮನೆಯ ಯಜಮಾನರು ದೊಡ್ಡಮಾವ, ಅಮ್ಮನ ಹಿರಿಯಣ್ಣ. ನಾಲ್ಕು ದಿನ ಕಳೆದು ಗಂಡಿನ ಕಡೆಯವರು ಮಾತುಕತೆಗೆ ಬಂದು ಜಗಲಿಯ ಮೇಲೆ ಕೂತಿದ್ದರು. ಇಸ್ತ್ರಿ ಮಾಡಿದ ಜುಬ್ಬಾ, ಚಿನ್ನದ ಅಂಚಿನ ಕನ್ನಡಕ, ಮೆಲುಮಾತು. ಊಟಕ್ಕೆ ಎಲೆ ಹಾಕುವ ಮೊದಲು ದೊಡ್ಡಮಾವ ನನ್ನ ಕಡೆ ತಿರುಗಿದರು.

“ಹ್ವಾಯ್, ನೀ ಸೆಲೂನಂಗೆ ದಿನಾ ಮಾತಾಡ್ತೆ ಅಂಬ್ರಲೆ. ಹೇಳ್ ಕಾಂಬ, ನಮ್ಮನಿ ಮದಿಗೆ ಯಾವ ಬ್ಯಾಂಡ್ ಆತ್ತ್?”

ಚೌತಿಯಿಂದ ನಾನು ತಯಾರಿ ಮಾಡಿದ್ದೇ ಈ ಪ್ರಶ್ನೆಗೆ. ಆದರೆ ಆ ಕ್ಷಣಕ್ಕೆ ನನಗೆ ಕಂಡದ್ದು ಚಿನ್ನದ ಕನ್ನಡಕ, ಡ್ರಮ್ಮಿನ ಮೇಲಿನ ಎರಡು ಮೀನು, ಹಾರ್ಮೋನಿಯಮ್ಮಿನ ಇಲಿ. ದಿಬ್ಬಣದ ನಡುವೆ ತಾಟೆಯ ನೂಲು ಕಿತ್ತು ಹೋಗಿ ನಾಲ್ಕು ಊರಿನವರು ನಗುವುದೂ ಕಂಡಿತು.

“ಬ್ರಹ್ಮಾವರದ್ದೇ ಅಡ್ಡಿಲ್ಲೆ” ಎಂದೆ.

ಎರಡೇ ಮಾತು. ಗಂಡಿನ ಕಡೆಯವರು ಸಂತೋಷದಿಂದ ತಲೆಯಾಡಿಸಿದರು. ದೊಡ್ಡಮಾವ ಒಂದು ಗಳಿಗೆ ನನ್ನ ಮುಖ ನೋಡಿ, ಆಯಿತು ಎಂದು ಎದ್ದರು. ಶಿವರಾಮನಿಗೆ ನಾನು ಹೇಳಿದ್ದು ಬೇರೆ. ಮಾವನದ್ದೇ ತೀರ್ಮಾನ, ನಾನು ಎಷ್ಟು ಹೇಳಿದರೂ ಕೇಳಲಿಲ್ಲ ಎಂದೆ. ಅವನು ಹೌದೇನೋ ಎಂದ. ಈಗ ಬರೆಯುವಾಗಲೂ ನನಗೆ ನಾಚಿಕೆಯಾಗುತ್ತದೆ.

ಮದುವೆಯ ದಿನ ಕೆಂಪು ಕೋಟಿನವರು ಬಂದು ಬಹಳ ಚೆನ್ನಾಗಿ ನುಡಿಸಿದರಂತೆ. ನಾನು ಕಿವಿಗೊಡಲಿಲ್ಲ. ನಮ್ಮಲ್ಲಿ ಮದುವೆಯ ಊಟ ಬಡಿಸುವುದು ನೆರೆಕರೆಯವರು. ಶಿವರಾಮ ಮುಂಡನ್ನು ಎತ್ತಿ ಕಟ್ಟಿ ಮೊದಲ ಪಂಕ್ತಿಗೇ ಇಳಿದಿದ್ದ. ಹೋಟೆಲಿನಲ್ಲಿ ಪಳಗಿದ ಕೈ, ಒಂದು ಹನಿ ಚೆಲ್ಲದೆ, ಬ್ರಹ್ಮಾವರದ ಬ್ಯಾಂಡಿನ ತಾಳಕ್ಕೆ ಹೆಜ್ಜೆ ಇಡುತ್ತಾ ಪಾಯಸ ಬಡಿಸಿಕೊಂಡು ಬಂದ. ನನ್ನ ಎಲೆಯ ಮುಂದೆ ನಿಂತು, “ಇನ್ನೊಂಚೂರ್ ಹಾಕ್ಲಾ?” ಎಂದು ಕೇಳಿದ. ಎರಡು ಸೌಟು ಹಾಕಿ ಹೋದ.

ಮುಂದಿನ ವಾರ ಅವನು ಬೊಂಬಾಯಿಯ ಬಸ್ಸು ಹತ್ತಿದ. ಗಿಟಾರನ್ನು ತಿಮ್ಮಪ್ಪನ ಮನೆಯಲ್ಲಿ ಬಿಟ್ಟು ಹೋದ. ತಿಮ್ಮಪ್ಪ ಕೆಲವು ದಿನ ಕಾದು, ನೂಲು ಯಾಕೆ ಹಾಳಾಗಬೇಕೆಂದು ತಂತಿಗಳನ್ನು ಬಿಚ್ಚಿ ಗಾಳಕ್ಕೆ ಕಟ್ಟಿದ. ನಡುವಿನ ತಂತಿಗೆ ಒಂದು ಭಾರಿ ಅಂಜಲ್ ಬಿತ್ತು. ಅದರಲ್ಲಿ ಎರಡು ತುಂಡನ್ನು ನಮ್ಮ ಮನೆಗೂ ಕಳಿಸಿದ. ಮನೆಯವರೆಲ್ಲ ರುಚಿಯನ್ನು ಹೊಗಳಿದರು. ನನಗೆ ಹೊಟ್ಟೆ ಸರಿಯಿಲ್ಲ ಎಂದು ಎದ್ದುಬಿಟ್ಟೆ.

ಎಪ್ಪತ್ತನೆಯ ಇಸವಿ ಕಳೆದ ಮೇಲೆ ಒಮ್ಮೆ ನಾನು ಬೊಂಬಾಯಿಗೆ ಹೋದಾಗ ಆ ಹೋಟೆಲನ್ನು ಹುಡುಕಿಕೊಂಡು ಹೋದೆ. ಶಿವರಾಮ ಈಗ ಗಲ್ಲಾದ ಮೇಲೆಯೇ ಕೂತಿದ್ದ. ಸ್ವಲ್ಪ ದಪ್ಪಗಾಗಿದ್ದ. ನನ್ನನ್ನು ಎದುರಿನ ಮೇಜಿನಲ್ಲಿ ಕೂರಿಸಿ ಕಾಫಿ ತರಿಸಿದ. ಊರಿನ ಮಾತೆಲ್ಲ ಮುಗಿದ ಮೇಲೆ ನಾನೇ ಕೆದಕಿದೆ. ಏನೇ ಆದರೂ ನಮ್ಮ ಕಡೆಯ ದೊಡ್ಡ ಬ್ಯಾಂಡು ನಿಮ್ಮದೇ ಎಂದೆ.

“ಬ್ರಹ್ಮಾವರದ್ದೇ ದೊಡ್ಡದ್, ಅದ್ರಂಗೆ ಮಾತೆಂತ ಇತ್ತ್?” ಎಂದ ಅವನು ತಣ್ಣಗೆ. “ಅವ್ರಿಗೆ ನೋಟ್ಸ್ ಗೊತ್ತಿತ್ತ್. ನಮ್ದ್ ಎಂತ, ಗಾಳದ್ ನೂಲ್.”

ನನಗೆ ಎಲ್ಲಿತ್ತೋ ಸಿಟ್ಟು ಬಂತು. ನಿನಗೇನು ಗೊತ್ತು, ನೀನು ನುಡಿಸಿದವನು, ಕೇಳಿದವನು ನಾನು ಎಂದು ಎದ್ದು ನಿಂತೆ. ಸೆಲೂನಿನ ಭಾಷಣವನ್ನು ಮೊದಲಿನಿಂದ ಶುರುಮಾಡಿದೆ. ಹಲಸಿನ ಮರ, ಶ್ರುತಿಶಾಸ್ತ್ರ, ಮಂಡಿನೋವು, ಯಾವುದನ್ನೂ ಬಿಡಲಿಲ್ಲ. ಇಡ್ಲಿ ತಟ್ಟೆ ಹಿಡಿದವನು ನಡುದಾರಿಯಲ್ಲಿ ನಿಂತ. ಗಿರಾಕಿಗಳು ಚಮಚ ಕೆಳಗಿಟ್ಟರು. ಅರ್ಧದಲ್ಲಿ ನೋಡುತ್ತೇನೆ, ಶಿವರಾಮ ಗಲ್ಲಾ ಬಿಟ್ಟು ಎದ್ದಿದ್ದಾನೆ. ಎರಡೂ ಕೈಯನ್ನು ಮೇಜಿಗೆ ಊರಿ, ಕೊನೆಯವರೆಗೂ ನಿಂತುಕೊಂಡೇ ಕೇಳಿದ.

ಮುಗಿದ ಮೇಲೆ ಸ್ವಲ್ಪ ನಕ್ಕ. “ಇದನ್ನೇ ಅವತ್ತ್ ಜಗಲಿ ಮೇಲೆ ಹೇಳಿದ್ರೆ ಆತಿತ್ತಲೆ ಮಾರಾಯ. ನಿನ್ ದೊಡ್ಡಮಾವಂಗೆ ನಮ್ಮನ್ನೇ ಕರೆಸುಕೆ ಮನಸ್ಸ್ ಇದ್ದಿತ್ತಂಬ್ರ್. ನಾ ಹೊರಡು ಮುಂಚೆ ಅವ್ರೇ ಬಂದ್ ಹೇಳಿರ್” ಎಂದ. ಆ ಮೇಲೆ, “ಕೂಕೊ, ಕಾಫಿ ತಣ್ಗಾತ್ತ್” ಎಂದು ತಾನೂ ಕೂತ.

ಕಾಫಿ ಆಗಲೇ ತಣ್ಣಗಾಗಿತ್ತು. ಕುಡಿದೆ.

ಭಾವ ಈಗಲೂ ಬರುತ್ತಾರೆ, ಕೆಂಪು ಕೋಟಿನ ಮಾತು ತೆಗೆಯುತ್ತಾರೆ. ಅವರ ಬ್ಯಾಂಡಿಗೆ ನಮ್ಮ ಮನೆಯ ಮದುವೆಯನ್ನು ಕೊಡಿಸಿದವನು ನಾನೇ ಎಂಬುದು ಅವರಿಗೆ ನೆನಪಿಲ್ಲ. ನೆನಪಿದ್ದರೆ ವಾದ ಅವತ್ತೇ ಮುಗಿಯುತ್ತಿತ್ತು. ಈ ವಯಸ್ಸಿನಲ್ಲಿ ಒಂದು ಬ್ಯಾಂಡಿಗಾಗಿ ಇಷ್ಟು ಕೂಗಾಟ ಯಾಕೆ ಎಂದು ತಂಗಿ ಗದರುತ್ತಾಳೆ. ಹೇಳಬೇಕಾದವರಿಗೆ ಹೇಳಬೇಕಾದ ದಿನ ಹೇಳದ ಮಾತಿಗೆ ಆಮೇಲೆ ಬೆಲೆ ಕಡಿಮೆ, ಅದು ನನಗೂ ಗೊತ್ತು. ಅದಕ್ಕಾಗಿಯೇ ಹೆಚ್ಚು ಹೆಚ್ಚು ಹೇಳುತ್ತಿದ್ದೇನೆ. ಹೆಮ್ಮಾಡಿಯ ಬ್ಯಾಂಡೇ ಶ್ರೇಷ್ಠ. ನೀವು ಬೇಕಾದರೆ ಕೂತು ಕೇಳಿ, ನಾನು ಹೇಳುವುದು ನಿಂತುಕೊಂಡೇ.