ಮೀನಿನ ತೊಟ್ಟಿಯ ಮುಂದೆ ಮಾಮಾ ಆಡಿದ ಮಾತು

ಕಳೆದ ಭಾನುವಾರ ಮಧ್ಯಾಹ್ನ, ಊಟ ಮುಗಿದು ಎಲೆ-ಅಡಿಕೆಯ ತಟ್ಟೆ ಒಂದು ಸುತ್ತು ಬಂದ ಹೊತ್ತಿನಲ್ಲಿ, ಆಳಂದದ ನನ್ನ ಅಕ್ಕನ ಮನೆಯ ಹಾಲ್‌ನಲ್ಲಿ ನಾನು ಫ್ರಿಜ್‌ಗೆ ಬೆನ್ನು ಕೊಟ್ಟು ನಿಂತಿದ್ದೆ. ಎದುರಿಗೆ, ಕೈ ಚಾಚಿದರೆ ಮುಟ್ಟುವಷ್ಟು ದೂರದಲ್ಲಿ, ಮೀನಿನ ಗಾಜಿನ ತೊಟ್ಟಿ. ಬಲಕ್ಕೆ ದಿವಾನ್. ದಿವಾನ್ ಮೇಲೆ ಅಕ್ಕನ ಗಂಡ ಸಿದ್ರಾಮಪ್ಪ ಮಾಮಾ. ಫ್ಯಾನ್ ತಿರುಗುತ್ತಿರಲಿಲ್ಲ. (ಕರೆಂಟ್ ಹೋಗಿತ್ತು. ಆ ಮನೆಯಲ್ಲಿ ಇನ್ವರ್ಟರ್ ಇರುವುದು ಮೀನಿಗೆ, ಮನುಷ್ಯರಿಗಲ್ಲ.) ಹೀಗಾಗಿ ಮಾಮಾ ಆಡಿದ ಮಾತು ನನ್ನ ಎರಡೂ ಕಿವಿಗಳಿಗೆ ಸ್ಪಷ್ಟವಾಗಿ ಬಿತ್ತು.

ಇಷ್ಟು ಬಿಡಿಸಿ ಯಾಕೆ ಹೇಳುತ್ತಿದ್ದೇನೆ? ಯಾಕೆಂದರೆ ಆ ಮಾತನ್ನು ತಾವು ಆಡಿಯೇ ಇಲ್ಲ ಎಂದು ಮಾಮಾ ಈಗ ಹೇಳುತ್ತಿದ್ದಾರೆ. "ಅಂದಿದ್ರ ಸಾಕ್ಷಿ ತರ್ರಿ" ಅನ್ನುತ್ತಿದ್ದಾರೆ.

ಸಾಕ್ಷಿ ನಾನೇ. ಜೇವರ್ಗಿಗೆ ವಾಪಸ್ ಬಂದು ನನ್ನ ಪೇಪರಿನ ಅಂಕಣಕ್ಕೆ ಕೂತಿದ್ದೇನೆ. ಅಕ್ಕನ ಮನೆಯ ಹೋಳಿಗೆಯನ್ನು ಪಣಕ್ಕಿಟ್ಟು ಇದನ್ನು ಬರೆಯುತ್ತಿದ್ದೇನೆ. ಓದುಗರು ನನ್ನ ತ್ಯಾಗವನ್ನು ಗಮನಿಸಬೇಕು.

ಮೊದಲು ಮನೆಯ ವಿಷಯ. ಮಾಮಾನಿಗೆ ಆಳಂದದಲ್ಲಿ ಪೈಪು, ಮೋಟಾರಿನ ಅಂಗಡಿ. ಅವರನ್ನೂ ಸೇರಿಸಿ ಐದು ಜನ ಅಣ್ಣತಮ್ಮಂದಿರು, ಒಂದೇ ಮನೆ, ಒಂದೇ ಒಲೆ. ಮಾಮಾನಿಗೆ ಇದು ದೊಡ್ಡ ಹೆಮ್ಮೆ. ಕೊನೆಯ ತಮ್ಮ ಬಸವರಾಜ ಅಣ್ಣನ ಅಂಗಡಿಯಲ್ಲೇ ಇದ್ದಾನೆ. ಅವನ ಹೆಂಡತಿ ರೇಣುಕಾ ನರೋಣಾದ ಶಾಲೆಯಲ್ಲಿ ವಿಜ್ಞಾನ ಟೀಚರ್. ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾಳೆ. ನರೋಣಾದಲ್ಲೇ ಒಂದು ಮನೆ ಹಿಡಿದು, ಮುಂದೆ ಮೋಟಾರ್ ರಿಪೇರಿಯ ಸಣ್ಣ ಅಂಗಡಿ ಹಾಕಬೇಕೆಂಬುದು ಇಬ್ಬರ ಆಸೆ. ಅಣ್ಣನ ಮುಂದೆ ಹೇಳುವವರು ಯಾರು? ಬಸವರಾಜ ಪ್ರತಿ ಹಬ್ಬಕ್ಕೂ ಬಾಯಿ ತೆರೆಯುತ್ತಿದ್ದ. ತೆರೆದ ಬಾಯಿಗೆ ಹೋಳಿಗೆ ಹಾಕಿಕೊಂಡು ಮುಚ್ಚುತ್ತಿದ್ದ.

ಈಗ ಮೀನಿನ ವಿಷಯ.

ಹೊಸದಾಗಿ ಹಾಲ್ ಕಟ್ಟಿಸಿದಾಗ ಮಾಮಾನಿಗೆ ಸಮುದ್ರದ ಮೀನು ಇಡುವ ಹುಕಿ ಬಂತು. ಆಳಂದದಲ್ಲಿ ಸಮುದ್ರ! ನಾಲ್ಕಡಿ ಗಾಜಿನ ತೊಟ್ಟಿ, ಹೀಟರ್, ಫಿಲ್ಟರ್, ಬಕೆಟ್‌ಗಟ್ಟಲೆ ಉಪ್ಪಿನ ಪುಡಿ ಬಂದವು. ಕಡೆಗೆ ಮೀನು ತರಲು ಕಲಬುರಗಿಯ ಅಂಗಡಿಗೆ ಮಾಮಾ, ಅಕ್ಕ, ನಾನು ಮೂವರೂ ಹೋದೆವು. ಕಿತ್ತಳೆ ಬಣ್ಣದ ಮೈಗೆ ಬಿಳಿ ಪಟ್ಟೆಯ ಕ್ಲೌನ್ ಫಿಶ್. ಮರಿಗಳು ಮುದ್ದಾಗಿದ್ದವು.

"ಒಂದು ಜೋಡಿ ಒಯ್ರಿ, ಸಾಕು. ಇವು ಎರಡಕ್ಕಿಂತ ಜಾಸ್ತಿ ಇಟ್ರ ಜಗಳ ತೆಗಿತಾವ" ಎಂದ ಅಂಗಡಿಯವ.

ಅಕ್ಕನಿಗೆ ಅದು ಒಪ್ಪಿಗೆಯಾಗಲಿಲ್ಲ. "ಹೊಸಾ ಹಾಲಿಗೆ ಬರೋ ಜೀವ ಎರಡ ಬರ್ತಾವೇನು? ಉಡಿ ತುಂಬೋವಾಗ ಐದು ಉತ್ತತ್ತಿ, ಐದು ಅಡಿಕಿ, ಐದು ಅರಿಶಿಣ ಬೇರು ಹಾಕ್ತೀವಿ. ಮೀನಷ್ಟ ಯಾಕ ಎರಡು? ಐದು ಕೊಡ್ರಿ."

"ಅಮ್ಮಾರ, ಉತ್ತತ್ತಿ ಕಚ್ಚಂಗಿಲ್ರಿ" ಎಂದ ಅವ.

ಈ ಮಾತಿಗೆ ನಾನು ನಕ್ಕೆ. ಅಕ್ಕ ನನ್ನ ಕಡೆ ನೋಡಿದಳು. ನಗು ನಿಲ್ಲಿಸಿದೆ. ಐದು ಬಂದವು.

ಮನೆಗೆ ತಂದು ಅಕ್ಕ ತೊಟ್ಟಿಗೆ ಆರತಿ ಬೆಳಗಿದಳು. ಮಟಕಿ ಊರಿನಿಂದ ಬಂದಿದ್ದ ಮಾಮಾನ ದೊಡ್ಡಮ್ಮ ತೀರ್ಥವೆಂದುಕೊಂಡು ಒಂದು ಹನಿ ನಾಲಿಗೆಗೆ ಹಚ್ಚಿಕೊಂಡು, "ಯವ್ವಾ, ಉಪ್ಪು ಜಾಸ್ತಿ ಬಿದ್ದದ" ಎಂದು ಸೊಸೆಯಂದಿರನ್ನೆಲ್ಲ ಒಮ್ಮೆ ದುರುಗುಟ್ಟಿ ನೋಡಿದರು. ಐದು ಮೀನಿಗೆ ಮಾಮಾ ಐದು ಜನ ಅಣ್ಣತಮ್ಮಂದಿರ ಹೆಸರು ಇಟ್ಟರು. ಎಲ್ಲಕ್ಕಿಂತ ದೊಡ್ಡದು ಸಿದ್ರಾಮಪ್ಪ. ಎರಡನೆಯದು ಮಲ್ಲಣ್ಣ. ಆಮೇಲೆ ಶಿವಶರಣ, ಗುರುನಾಥ. ಎಲ್ಲಕ್ಕಿಂತ ಸಣ್ಣದು ಬಸವರಾಜ.

"ನೋಡ್ರಿ, ಒಂದೇ ತೊಟ್ಟಿ, ಐದು ಮಂದಿ. ಹೆಂಗ ಹೊಂದಿಕೊಂಡು ಹೊಂಟಾವ!" ಎಂದು ಬಂದವರಿಗೆಲ್ಲ ತೋರಿಸುತ್ತಿದ್ದರು. ಸಣ್ಣ ಮೀನು ದೊಡ್ಡದರ ಮುಂದೆ ಬಂದಾಗಲೆಲ್ಲ ಮೈ ಅದುರಿಸುತ್ತಿತ್ತು. "ಅಣ್ಣಗ ಶರಣು ಮಾಡಾಕತ್ತಾನ" ಎಂದು ಮಾಮಾ ವಿವರಿಸುತ್ತಿದ್ದರು. ಮನುಷ್ಯ ಬಸವರಾಜ ಪಕ್ಕದಲ್ಲಿ ನಿಂತು ಹೌದೆಂದು ತಲೆ ಆಡಿಸುತ್ತಿದ್ದ.

ಕೆಲವು ತಿಂಗಳು ಎಲ್ಲವೂ ಚೆನ್ನಾಗಿತ್ತು. ಮರಿಗಳು ದೊಡ್ಡವಾದವು. ಹೊಂದಾಣಿಕೆ ಸಣ್ಣದಾಯಿತು.

ದೊಡ್ಡದೂ ಎರಡನೆಯದೂ ತೊಟ್ಟಿಯ ಒಳ್ಳೆಯ ಮೂಲೆ ಹಿಡಿದವು. ಶಿವಶರಣ ಫಿಲ್ಟರಿನ ಹಿಂದೆ ಸೇರಿಕೊಂಡು, ಊಟದ ಹೊತ್ತಿಗೆ ಮಾತ್ರ ಹೊರಗೆ ಬರತೊಡಗಿತು. (ಮನುಷ್ಯ ಶಿವಶರಣನೂ ಅಫಜಲಪುರದಲ್ಲಿ ಕೆಲಸ ಮಾಡುತ್ತ, ಮನೆಗೆ ಊಟಕ್ಕೆ ಮಾತ್ರ ಬರುತ್ತಾನೆ. ನಾನು ಹೋಲಿಸುತ್ತಿಲ್ಲ. ಕಂಡದ್ದು ಹೇಳುತ್ತಿದ್ದೇನೆ.) ಗುರುನಾಥನೆಂಬ ಮೀನು ದೊಡ್ಡವು ಅಟ್ಟಾಡಿಸುವುದನ್ನು ತಾಳಲಾರದೆ ಒಂದು ಮುಂಜಾನೆ ತೊಟ್ಟಿಯಿಂದ ಹಾರಿ ಸತ್ತಿತು. ಮಾಮಾ ಮನೆತನದ ವಾಟ್ಸಾಪ್ ಗ್ರೂಪಿನಲ್ಲಿ ದುಃಖದಿಂದ ಬರೆದರು: "ಗುರುನಾಥ ಹೋದ. ಟಿವಿ ಹಿಂದ ಬಿದ್ದಿದ್ದ."

ಮಟಕಿಯ ದೊಡ್ಡಮ್ಮ ಅಳುತ್ತಾ ಜೀಪು ಹತ್ತಿಕೊಂಡು ಬಂದರು. ಬಾಗಿಲು ತೆರೆದವನು ಗುರುನಾಥ. ಟವೆಲ್ ಸುತ್ತಿಕೊಂಡು ಹಲ್ಲುಜ್ಜುತ್ತಿದ್ದ.

"ಏ ಭಾಡ್ಯಾ, ಬದುಕೀಯಲ್ಲೋ!" ಎಂದು ದೊಡ್ಡಮ್ಮ ಅವನ ಬೆನ್ನಿಗೆ ಎರಡು ಗುದ್ದಿದರಂತೆ. ಬದುಕಿದ್ದಕ್ಕೆ ಏಟು ತಿಂದವರನ್ನು ನೀವು ಬೇರೆ ಎಲ್ಲಾದರೂ ನೋಡಿದ್ದೀರಾ?

ಇನ್ನು ಭಾನುವಾರಕ್ಕೆ ಬರುತ್ತೇನೆ.

ನಾನು ಫ್ರಿಜ್‌ಗೆ ಬೆನ್ನು ಕೊಟ್ಟು ನಿಂತಿದ್ದೆನಲ್ಲ? ಬಸವರಾಜನೆಂಬ ಸಣ್ಣ ಮೀನು ತೊಟ್ಟಿಯ ಮೇಲಿನ ಮೂಲೆಯಲ್ಲಿ, ನೀರಿನ ಅಂಚಿಗೆ ಬಾಯಿ ಹಚ್ಚಿಕೊಂಡು ತೇಲುತ್ತಿತ್ತು. ಬಾಲ ಹರಿದು ಜಾಲರಿಯಾಗಿತ್ತು. ಕೆಳಗಿಳಿದರೆ ದೊಡ್ಡದು ಬಂದು ಕಚ್ಚುತ್ತಿತ್ತು. ರೇಣುಕಾ ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ಬಲೆ ಹಿಡಿದು ಬಂದಳು.

"ಅದನ್ನ ತೆಗಿಬ್ಯಾಡಮ್ಮಾ. ಅಣ್ಣ ತಮ್ಮಗ ಬುದ್ಧಿ ಹೇಳಾಕತ್ತಾನ. ಎಲ್ಲಾ ಮನ್ಯಾಗೂ ಇರ್ತದ" ಎಂದರು ಮಾಮಾ.

"ಭಾವಾರ, ಅದು ಅಣ್ಣ ಅಲ್ರಿ" ಎಂದಳು ರೇಣುಕಾ.

"ಮತ್ತ?"

"ಅದು ಹೆಣ್ಣದ ರಿ."

ಎಲೆ-ಅಡಿಕೆಯ ತಟ್ಟೆ, ದಿವಾನ್ ಮೇಲೆ ಮಾಮಾನ ಪಕ್ಕ ಕೂತಿದ್ದ ಮಲ್ಲಣ್ಣನ ಕೈಯಲ್ಲಿತ್ತು. ಅಲ್ಲೇ ನಿಂತಿತು.

"ಯಾವುದು ಹೆಣ್ಣು? ಸಿದ್ರಾಮಪ್ಪ?"

"ಹೌದ್ರಿ. ಹುಟ್ಟೋವಾಗ ಇವೆಲ್ಲಾ ಗಂಡೇ. ಎಲ್ಲಾಕ್ಕಿಂತ ದೊಡ್ಡದಾಗಿ ಮ್ಯಾಲ ನಿಂತದ್ದು ಹೆಣ್ಣಾಗಿ ಬದಲಾಗ್ತದ. ತೊಟ್ಟಿ ನಡಸೋದು ಅದೇ ರಿ."

"ಮತ್ತ ಮಲ್ಲಣ್ಣ?"

ರೇಣುಕಾ ನೆಲ ನೋಡಿದಳು. "ಅದು... ಅದರ ಗಂಡ ರಿ."

ಅಡುಗೆಮನೆಯ ಬಾಗಿಲಲ್ಲಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಹೆಗಲು ಕುಣಿಯುತ್ತಿದ್ದವು. ಮಲ್ಲಣ್ಣ ತಟ್ಟೆ ಕೆಳಗಿಟ್ಟು, ದಿವಾನ್‌ನಿಂದ ಎದ್ದು, ಅಣ್ಣನಿಗೆ ದೂರವಾಗಿ ಕುರ್ಚಿಯಲ್ಲಿ ಹೋಗಿ ಕುಳಿತ.

ಮಾಮಾ ಸೋಲುವವರಲ್ಲ. "ನಾಳಿ ಅದು ಸತ್ರ? ಅವಾಗ ಎಲ್ಲಾ ಸುಧಾರಸ್ತದಲ್ಲ?" ಎಂದರು.

"ಇಲ್ರಿ ಭಾವಾರ. ಅದು ಸತ್ರ ಅದರ ಗಂಡ ಇದ್ದದ್ದು ಹೆಣ್ಣಾಗ್ತದ. ಮೂರನೇದು ಅದರ ಗಂಡ ಆಗ್ತದ."

ಮಲ್ಲಣ್ಣ ಕುರ್ಚಿಯಿಂದಲೇ ಕೈ ಮುಗಿದ. "ಅಣ್ಣಾ, ನೀ ಗಟ್ಟಿ ಇರಪಾ. ನಿನ್ನ ಕಾಲಿಗೆ ಬೀಳ್ತೇನಿ."

ಎಲ್ಲರೂ ನಕ್ಕರು. ನಾನೂ ನಕ್ಕೆ. ಇಲ್ಲಿಗೆ ನಿಂತಿದ್ದರೆ ಇದೊಂದು ತಮಾಷೆಯ ಭಾನುವಾರ. ಆದರೆ ರೇಣುಕಾ ಟೀಚರ್. ಪಾಠ ಶುರು ಮಾಡಿದರೆ ಮುಗಿಸಿಯೇ ನಿಲ್ಲಿಸುವುದು.

"ಈ ಸಣ್ಣದು ಇದೆಯಲ್ರಿ, ಇದು ಬೆಳೆಯಂಗಿಲ್ಲ. ಊಟ ಸಾಲಂಗಿಲ್ಲ ಅಂತ ಅಷ್ಟೇ ಅಲ್ರಿ. ಬೆಳದ್ರ ದೊಡ್ಡವು ಹೊಡಿತಾವ ಅಂತ ಗೊತ್ತಿರ್ತದ. ಅದಕ್ಕ ತಾನೇ ಸಣ್ಣದಾಗಿ ಉಳಿತದ ರಿ."

ನಗು ನಿಂತಿತು.

ಮಾಮಾ ತೊಟ್ಟಿ ನೋಡಿದರು. ಆಮೇಲೆ ಬಾಗಿಲಿಗೆ ಆತುಕೊಂಡು ನಿಂತಿದ್ದ ಬಸವರಾಜನನ್ನು ನೋಡಿದರು. ಅವನ ಕಿವಿಯ ಮೇಲೆ ಬಿಳಿ ಕೂದಲು ಬಂದಿದೆ. ಅಂಗಡಿಯಲ್ಲಿ ಗಿರಾಕಿ ಎರಡು ಮೊಳ ಪೈಪು ಕೇಳಿದರೂ ಈಗಲೂ "ಅಣ್ಣಾ, ಕೊಡ್ಲೇನು?" ಎಂದು ಕೂಗುತ್ತಾನೆ. ಅದು ಮಾಮಾನಿಗೆ ಆ ದಿನ ಮೊದಲ ಸಲ ಕೇಳಿಸಿತೋ ಏನೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಹೇಳುವುದಿಲ್ಲ.

"ಬಸೂ" ಎಂದರು. "ನಿಂದೂ ಹಂಗೇನೋ?"

"ಛೇ, ಹಂಗೇನಿಲ್ಲಣ್ಣಾ" ಎಂದ ಬಸವರಾಜ.

ಅಷ್ಟು ಹೇಳುವಾಗ ಅವನ ಮೈ ನಡುಗಿತು. ತಲೆಯಿಂದ ಕಾಲಿನವರೆಗೆ, ಆ ಸಣ್ಣ ಮೀನು ನಡುಗುತ್ತಿದ್ದ ರೀತಿಯಲ್ಲೇ. ನಾನು ನೋಡಿದೆ. ಎಲ್ಲರೂ ನೋಡಿದರು. ಮಾಮಾನೂ ನೋಡಿದರು.

ಮಾಮಾ ಮೀಸೆ ಸವರಿಕೊಂಡರು. ಆಮೇಲೆ ಈ ಮಾತು ಆಡಿದರು. ಒಂದಕ್ಷರ ಹೆಚ್ಚು ಮಾಡದೆ, ಕಡಿಮೆ ಮಾಡದೆ ಬರೆಯುತ್ತಿದ್ದೇನೆ:

"ಆತು. ನೀವಿಬ್ರೂ ನರೋಣಾದಾಗ ಮನಿ ಹಿಡೀರಿ. ಅಂಗಡಿ ಹಾಕು. ನಾ ಬ್ಯಾಡ ಅನ್ನಂಗಿಲ್ಲ. ಈ ಮೀನೂ ಒಯ್ರಿ."

ರೇಣುಕಾ ಬಲೆ ಇಳಿಸಿದಳು. ಸಣ್ಣದು ಓಡಲಿಲ್ಲ, ತಾನೇ ಬಲೆಯೊಳಗೆ ಬಂದಂತಿತ್ತು. ಅಕ್ಕ ಕಣ್ಣು ಒರೆಸಿಕೊಂಡಳು. ನಕ್ಕದ್ದಕ್ಕೋ ಅತ್ತದ್ದಕ್ಕೋ, ಹೇಳಲಾರೆ.

ಸೋಮವಾರ ಕರೆಂಟ್ ಬಂತು, ಮಾಮಾನಿಗೆ ಬುದ್ಧಿಯೂ ಬಂತು. "ಮಂದಿ ಏನಂತಾರ? ಸಿದ್ರಾಮಪ್ಪನ ಮನಿ ಒಡೀತು ಅಂತಾರ" ಎಂದರಂತೆ. ಮಧ್ಯಾಹ್ನದ ಹೊತ್ತಿಗೆ, "ನಾ ಹಂಗ ಅಂದೇ ಇಲ್ಲ" ಎಂಬಲ್ಲಿಗೆ ಬಂದು ನಿಂತರು. ಬಸವರಾಜ ಬಾಯಿ ತೆರೆದ. ಈ ಸಲ ಹೋಳಿಗೆ ಇರಲಿಲ್ಲ, ಆದರೂ ಮುಚ್ಚಿದ. ಸಂಜೆ ಮಾಮಾನದೇ ಫೋನು ನನಗೆ.

"ಏ ಪೇಪರ್ ಸಾಹೇಬ, ನೀ ಅಲ್ಲೇ ಇದ್ದೆಲ್ಲ? ನಾ ಏನರ ಅಂದೆನು?"

"ಅಂದ್ರಿ ಮಾಮಾರ" ಎಂದೆ. ನನ್ನ ಧ್ವನಿಯೂ ಸ್ವಲ್ಪ ನಡುಗಿತು, ಒಪ್ಪಿಕೊಳ್ಳುತ್ತೇನೆ.

"ಬರದು ಕೊಡ್ತೀಯೇನು?"

ಕೊಡುತ್ತೇನೆ. ಕೊಟ್ಟಿದ್ದೇನೆ. ಬರೆಯುವ ಜಾಗ ಇದೊಂದೇ ನನಗಿರುವುದು.

ನಾನು ಕೂಡು ಕುಟುಂಬದ ವಿರೋಧಿಯಲ್ಲ. ಹೋಳಿಗೆಗೆ ಹೂರಣ ರುಬ್ಬಲು ಐದು ಜೊತೆ ಕೈ ಇದ್ದರೇ ಚೆಂದ. ಸಮುದ್ರದಲ್ಲಿ ಈ ಮೀನುಗಳೂ ನಾಲ್ಕಾರು ಒಟ್ಟಿಗೇ ಬದುಕುತ್ತವಂತೆ, ರೇಣುಕಾ ಹೇಳಿದಳು. ಅಲ್ಲಿ ಮುನಿಸಿಕೊಂಡರೆ ಆಚೆ ಹೋಗಿ ಕೂರಲು ಜಾಗವಿದೆ, ಸಿಟ್ಟಿಳಿದರೆ ತಿರುಗಿ ಬರಲು ದಾರಿಯಿದೆ. ನಾಲ್ಕಡಿ ಗಾಜಿನಲ್ಲಿ? ನರೋಣಾ ಏನು ಅಮೆರಿಕಾದಲ್ಲಿದೆಯೇ ಮಾಮಾರ? ಬಸ್ಸು ಹತ್ತಿದರೆ ಬರುತ್ತದೆ. ಬಸವರಾಜ ಊಟಕ್ಕೆ ಬರುತ್ತಾನೆ. ಶಿವಶರಣ ಬರುತ್ತಿಲ್ಲವೇ?

ಇದನ್ನು ಬರೆಯುವ ಮುನ್ನ ಅಕ್ಕನಿಗೆ ಫೋನ್ ಮಾಡಿದೆ. ಸಾಕ್ಷಿಗಳ ಪಟ್ಟಿಯಲ್ಲಿ ನಿನ್ನ ಹೆಸರು ಹಾಕಲೋ ಬೇಡವೋ ಎಂದು ಕೇಳಿದೆ. ಹಿಂದೆ ಮಾಮಾನ ಕೆಮ್ಮು ಕೇಳುತ್ತಿತ್ತು. ಅಕ್ಕ ದನಿ ತಗ್ಗಿಸಲಿಲ್ಲ.

"ಹಾಕು. ಎಲ್ಲಾರಕ್ಕಿಂತ ಮೊದಲು ಹಾಕು."

ಆದ್ದರಿಂದ ಆ ಮಾತನ್ನು ಕೇಳಿದವರು, ಕಂಡವರು, ಇಂದಿಗೂ ಬದುಕಿರುವವರು: ಅಕ್ಕ ಮಹಾದೇವಿ; ಕುರ್ಚಿ ಬದಲಿಸಿದ ಮಲ್ಲಣ್ಣ; ಊಟಕ್ಕೆ ಬಂದಿದ್ದ ಶಿವಶರಣ; ಗುರುನಾಥ (ಮನುಷ್ಯ); ಬಸವರಾಜ, ರೇಣುಕಾ; ಬಕೆಟ್ಟಿನಲ್ಲಿ ಹೊಸ ಮನೆಯ ದಾರಿ ಕಾಯುತ್ತಿರುವ ಸಣ್ಣ ಮೀನು; ಮತ್ತು ಗಾಜಿನ ಒಳಗಿನಿಂದ ಎಲ್ಲವನ್ನೂ ನೋಡಿದ ಸಿದ್ರಾಮಪ್ಪ ಎಂಬ ಆ ಯಜಮಾನಿ. ಮಾಮಾರ, ಇವರಲ್ಲಿ ಯಾರನ್ನು ಸುಳ್ಳು ಅನ್ನುತ್ತೀರಿ?