ವಿಜಯಶ್ರೀಯವರ ಮುಚ್ಚಿದ ನಗು

ಪರದೇಶದ ಈ ಓವರ್‌ಲೇಕಿನ ನಮ್ಮ ಅಪಾರ್ಟ್‌ಮೆಂಟಿನ ವಿಜಯಶ್ರೀಯವರಿಗೆ ನಗು ಬಂದರೆ ಅಂಗೈ ತಾನಾಗಿ ಬಾಯಿಗೆ ಬರುತ್ತದೆ. ಕೈಯಲ್ಲಿ ಕಾಫಿ ಲೋಟವಿದ್ದರೆ ಲೋಟವೇ ಬರುತ್ತದೆ. ಯಾರಾದರೂ ಸೆಲ್ಫಿ ಸ್ಟಿಕ್ ಎತ್ತಿದರೆ ಹಿಂದಿನ ಸಾಲಿಗೆ ಸರಿಯುತ್ತಾರೆ. ಮೇಲಿನ ಒಸಡು ಎಡಗಡೆ ತುಸು ಕೆಳಗಿಳಿದು ಹಲ್ಲನ್ನು ಅರ್ಧ ಮುಚ್ಚಿದೆ, ಅಷ್ಟೆ. ಆ ವಿಷಯದಲ್ಲಿ ಮಾತ್ರ ಅವರು ಅರ್ಧ ಡಾಕ್ಟರು. "ಗಟ್ಟಿಯಾಗಿ ಉಜ್ಜಿದ್ರೆ ಒಸಡು ಸವೆಯತ್ತೆ, ಕೆಲವು ಮಾತ್ರೆ ತಗೊಂಡ್ರೆ ಬೆಳೆಯತ್ತೆ, ನಂದು ಹುಟ್ಟಿನಿಂದ ಬಂದಿದ್ದು ಕಣ್ರೀ" ಎಂದು ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಊಟದಲ್ಲಿ ಬಿಸಿಬೇಳೆಬಾತ್ ಬಡಿಸುತ್ತಲೇ ಪಾಠ ಹೇಳುತ್ತಾರೆ. ಹತ್ತಿರದ ಊರು ಇಸ್ಸಾಕ್ವಾದ ಡೆಂಟಿಸ್ಟ್ ಬಳಿ ಮೂರು ಸಲ ನಾನೇ ಕಾರಿನಲ್ಲಿ ಕರೆದುಕೊಂಡು ಹೋಗಿದ್ದೇನೆ. ನೋವಾಗದ ಹಾಗೆ ಜೆಲ್ ಹಚ್ಚಿ ಲೇಸರಿನಲ್ಲಿ ಹೆಚ್ಚಿನ ಒಸಡನ್ನು ತೆಗೆದರೆ ಅರ್ಧ ಗಂಟೆಯ ಕೆಲಸ, ಹೊಲಿಗೆಯೂ ಬೇಡ ಎಂದು ಆತ ಹೇಳಿ, ಆಮೇಲೆ ಇವರ ನಗು ಹೇಗಿರುತ್ತದೆಂದು ಐಪ್ಯಾಡಿನಲ್ಲಿ ತೋರಿಸುತ್ತಾನೆ. ಇವರು ಅದನ್ನು ಬಹಳ ಹೊತ್ತು ನೋಡಿ, ಮುಂದಿನ ತಿಂಗಳು ಬರುತ್ತೇನೆಂದು ಎದ್ದುಬಿಡುತ್ತಾರೆ. ಮೂರನೆಯ ಸಲ ನನಗೆ ರೇಗಿತು. "ಅಷ್ಟೊಂದು ಭಯಾನಾ?" ಎಂದೆ. "ಭಯ ಅಲ್ಲ ರೀ. ಅಮ್ಮಂದೂ ಇದೇ ಒಸಡು. ಹೋಗೋವರೆಗೂ ಸೆರಗು ಅಡ್ಡ ಇಟ್ಕೊಂಡೇ ನಕ್ಕಳು. ಅವಳು ನಗೋ ಫೋಟೋ ಒಂದೂ ಇಲ್ಲ. ದಿನಾ ಬೆಳಗ್ಗೆ ಹಲ್ಲುಜ್ಜಿ, ಕನ್ನಡಿ ಮುಂದೆ ಒಂದ್ಸಲ ಕೈ ತೆಗೆದು ನಗ್ತೀನಿ. ಅಲ್ಲಿ ಮಾತ್ರ ಸಿಗ್ತಾಳೆ."